ಇನ್ನೊಬ್ಬಳು ಎಫಿ

"ಎಫಿ ಗಿಲ್ಲಿಸ್ ಅವ್ರೇ! ನಿಮ್ಮನ್ನ ನೋಡೋಕೇ ಸಾವಿರಾರು ಮೈಲಿ ದೂರದಿಂದ ಬಂದಿದೀನಿ!"

ಏಣಿಯ ತುದಿಯಲ್ಲಿ, ಬಾಯಲ್ಲಿ ಮೂರು ಮೊಳೆ ಕಚ್ಚಿಕೊಂಡು ನಿಂತಿದ್ದ ಎಫಿ ಕೆಳಗೆ ನೋಡಿದಳು.

ಉದ್ದನೆಯ ಯುವಕ. ಹೆಗಲಲ್ಲಿ ಟೇಪ್ ರೆಕಾರ್ಡರ್. ಮುಖದ ತುಂಬ ನಗು. ಇಷ್ಟು ಚೆಂದವಾಗಿ ತನ್ನ ಹೆಸರನ್ನು ಯಾರು ಕರೆದಿದ್ದರು?

"ಹೋದ ಚಳಿಗಾಲದ ಕೊನೇ ಗೋಲು ಇದೆಯಲ್ಲ, ಅದನ್ನ ನಾನು ಮರೆಯೋ ಹಾಗೇ ಇಲ್ಲ!"

ಓಹೋ. ಮತ್ತೆ ಅದೇ ಕಥೆ!

ಎಫಿ ಮೊಳೆಗಳನ್ನು ಕೈಗೆ ತೆಗೆದುಕೊಂಡಳು. "ನೀವು ಹುಡುಕ್ತಿರೋದು ಹಾಕಿ ಎಫಿನ. ಈಗ ಅವರಪ್ಪನ ಮೀನಿನ ದೋಣಿ ಮೇಲಿರ್ತಾಳೆ, ಹೋಗಿ. ನಾನು ಇನ್ನೊಬ್ಬಳು."

"ಇನ್ನೊಬ್ಬಳು ಅಂದ್ರೆ?"

"ಇನ್ನೊಬ್ಬಳು ಅಂದ್ರೆ ಇನ್ನೊಬ್ಬಳೇ!"

ಪಾಪ, ಅವನಿಗೇನು ಗೊತ್ತು? ಕೇಪ್ ಬ್ರೆಟನ್ ದ್ವೀಪದ ನಮ್ಮ ಗ್ಲೆನ್‌ರೋರಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಒಬ್ಬ ಗಿಲ್ಲಿಸನ ತಲೆಗೇ ಬೀಳುತ್ತದೆ. ಮನೆತನದ ಹೆಸರು ಒಂದೇ. ಮಕ್ಕಳಿಗೆ ಇಡುವುದೂ ಅಜ್ಜ ಅಜ್ಜಿಯರ ಹೆಸರನ್ನೇ. ಹಾಗಾಗಿ ಅಡ್ಡಹೆಸರಿಲ್ಲದೆ ನಮ್ಮೂರಲ್ಲಿ ಯಾರಿಗೂ ಗತಿಯಿಲ್ಲ.

ಎಫಿ ಗಿಲ್ಲಿಸರೇ ನಾಲ್ವರು. ಎಂಬತ್ತೆರಡರ ಪಿಟೀಲು ಎಫಿ, ಅರ್ಧ ಊರಿಗೆ ಹೆರಿಗೆ ಮಾಡಿಸಿದ ಡಾಕ್ಟರ್ ಎಫಿ, ದೇಶಕ್ಕೇ ಆಡಿದ ಹಾಕಿ ಎಫಿ. ಕೊನೆಯವಳೇ ಈ ಹುಡುಗಿ. ಊರ ಸಭಾಭವನದ ಬೀಗದ ಕೈ ಅವಳ ಹತ್ತಿರ. ಅಲ್ಲಿಯ ಗೋಡೆಯ ಮೇಲೆ ಹೆಸರು ಮಾಡಿದ ಗಿಲ್ಲಿಸರ ಪಟಗಳಿವೆ. ಬಾಕ್ಸರ್ ಗಿಲ್ಲಿಸ್, ಬಿಷಪ್ ಗಿಲ್ಲಿಸ್, ನಕ್ಷತ್ರ ಅಳೆದ ಪ್ರೊಫೆಸರ್ ಗಿಲ್ಲಿಸ್... ಎಲ್ಲರ ಕಥೆ ಹುಡುಕಿ, ಕಟ್ಟು ಹಾಕಿಸಿ, ಧೂಳು ಒರೆಸುವವಳು ಇವಳೇ.

ಅವಳದೊಂದು ಪಟ ಮಾತ್ರ ಅಲ್ಲಿಲ್ಲ. ಅಡ್ಡಹೆಸರೂ 'ಇನ್ನೊಬ್ಬಳು'. ಯಾರೂ ಕೆಟ್ಟ ಮನಸ್ಸಿನಿಂದ ಇಟ್ಟದ್ದಲ್ಲ ಬಿಡಿ. ಆದರೆ ಇಪ್ಪತ್ತೇಳು ವರ್ಷ ಅದನ್ನೇ ಕೇಳಿಸಿಕೊಂಡು ನೋಡಿ, ಆಗ ಗೊತ್ತಾಗುತ್ತದೆ!

ಬಂದವನ ಹೆಸರು ಟಾರಸ್ ಪ್ರೊಕೊಪ್. ಸಾಸ್ಕಾಚೆವಾನಿನ ಗೋಧಿ ಬಯಲಿನವನು. ಒಂದೇ ಮನೆತನದ ಹೆಸರಿನ ಸಾಧಕರ ಬಗ್ಗೆ ರೇಡಿಯೊ ಕಾರ್ಯಕ್ರಮ ಮಾಡಲು ಬಂದಿದ್ದ.

"ನಮ್ಮೂರಲ್ಲಿ ಪ್ರೊಕೊಪ್ ಅಂದ್ರೆ ನಮ್ಮದೊಂದೇ ಮನೆ," ಎಂದ ಏಣಿ ಹಿಡಿದುಕೊಂಡು.

"ಪುಣ್ಯವಂತರು! ಯಾರೂ ನಿಮ್ಮನ್ನ ಇನ್ನೊಬ್ಬ ಅನ್ನಲ್ಲ."

ಮೂರು ವಾರ ಅವನು ಆ ಏಣಿ ಬಿಡಲಿಲ್ಲ. ದಿನಾ ಚಹಾ, ಓಟ್ಸ್ ಬಿಸ್ಕತ್ತು, ಒಬ್ಬ ಗಿಲ್ಲಿಸನ ಕಥೆ. ಬಿಷಪ್ಪರು ಚಿಕ್ಕಂದಿನಲ್ಲಿ ಕುರಿ ಕದ್ದ ಕಥೆ ಹೇಳಿದಾಗ ಅವನು ನಕ್ಕ ನಗುವಿಗೆ ಪಟಗಳೇ ಅಲುಗಿದವು! ಕಥೆಗಳು ಮುಗಿಯುತ್ತ ಬಂದಂತೆ ಎಫಿಗೆ ಸಂಕಟ. 'ದೇವರೇ, ಇನ್ನಿಬ್ಬರು ಗಿಲ್ಲಿಸರು ಹೆಸರು ಮಾಡಬಾರದಿತ್ತೇ...'

ಕೆಲಸ ಮುಗಿಸಲು ಅವನು ಹ್ಯಾಲಿಫ್ಯಾಕ್ಸ್ ಪಟ್ಟಣಕ್ಕೆ ಹೊರಟ ದಿನ ಬಸ್ಸಿನ ಮೆಟ್ಟಿಲಲ್ಲಿ ನಿಂತು ತಡವರಿಸಿದ. "ಎಫಿ, ನಾನು... ಒಂದು ಮಾತು... ಅಲ್ಲ, ಕಾಗದ ಬರೀತೀನಿ!"

ಬಸ್ಸು ಹೊರಟೇ ಹೋಯಿತು.

ಒಂದು ದಿನ, ಎರಡು ದಿನ, ಎಂಟು ದಿನ. ಕಾಗದವಿಲ್ಲ!

ಒಂಬತ್ತನೆಯ ದಿನ ಅಂಗಡಿಯ ಜೆಸ್ಸಿ ಸುದ್ದಿ ಬಡಿಸಿದಳು. "ಕೇಳಿದ್ಯೇನೇ? ಆ ರೇಡಿಯೊ ಹುಡುಗ ಹಾಕಿ ಎಫಿಗೆ ಕಾಗದ ಬರೆದಿದಾನಂತೆ! ಅಷ್ಟು ಗಟ್ಟಿಗಿತ್ತಿ, ಓದಿ ಗಳಗಳ ಅತ್ತಳಂತೆ!"

ಎಫಿಯ ಕೈಯಲ್ಲಿದ್ದ ಹಿಟ್ಟಿನ ಚೀಲ ಜಾರಿತು. 'ಬಂದದ್ದೇ ಅವಳನ್ನು ನೋಡಲು... ಮೊದಲ ದಿನವೇ ಹೇಳಿದ್ದನಲ್ಲ! ನನಗೇಕೆ ಆಸೆ ಬೇಕಿತ್ತು?' ಮನೆಗೆ ಹೋಗಿ, ಮುಖಕ್ಕೆ ದಿಂಬು ಒತ್ತಿಕೊಂಡು ಅತ್ತಳು.

ಶನಿವಾರ ಸಂಜೆ ಸಭಾಭವನದಲ್ಲಿ ಕುಣಿತ. ಅಳು ಬಂದರೂ ಕುರ್ಚಿ ಹಾಕುವವರು ಬೇಕಲ್ಲ? ಜನ ಸೇರತೊಡಗಿದ್ದರು. ಆರು ಗಂಟೆಯ ಬಸ್ಸಿಳಿದ ಟಾರಸ್ ನೇರ ಅವಳ ಮುಂದೆ ಬಂದು ನಿಂತ. ಮುಖ ಬಾಡಿತ್ತು.

"ಬೇಡ ಅಂತಾದ್ರೂ ಒಂದು ಸಾಲು ಬರೀಬಹುದಿತ್ತು, ಎಫಿ."

"ಯಾರಿಗೆ ಬರೆದ್ರೋ ಅವಳನ್ನೇ ಕೇಳ್ಕೊಳ್ಳಿ!"

"ನಿಮಗೇ ಬರೆದದ್ದು!"

"ಸುಳ್ಳು! ಅದು ಹಾಕಿ ಎಫಿಗೆ ಹೋಗಿದೆ, ಊರಿಗೆಲ್ಲಾ ಗೊತ್ತು!" ಎಂದವಳು ತಟ್ಟನೆ ನಿಂತಳು. "ಇರಿ... ಲಕೋಟೆ ಮೇಲೆ ಏನಂತ ಬರೆದ್ರಿ?"

"ಮಿಸ್ ಎಫಿ ಗಿಲ್ಲಿಸ್, ಗ್ಲೆನ್‌ರೋರಿ."

"ಅಷ್ಟೇನಾ?!"

ಸುತ್ತ ನಿಂತವರು ಹೋ ಎಂದು ನಕ್ಕರು. ನಮ್ಮೂರಲ್ಲಿ ಅಡ್ಡಹೆಸರಿಲ್ಲದ ಕಾಗದ ಬಂದರೆ ಮೊದಲು ಆ ಹೆಸರಿನ ಹಿರಿಯರ ಮನೆಗೆ ಹೋಗಬೇಕು. ತಮ್ಮದಲ್ಲದಿದ್ದರೆ ಅವರು ವಯಸ್ಸಿನ ಪ್ರಕಾರ ಕೆಳಗಿನವರಿಗೆ ದಾಟಿಸಬೇಕು. ಮುತ್ತಾತಂದಿರ ಕಾಲದ ಕಟ್ಟಳೆ! ನಾಲ್ವರಲ್ಲಿ ಕಿರಿಯವಳು ಇವಳೇ.

"ಮೂರು ವಾರ ಇದ್ರಲ್ಲ, ಅಡ್ಡಹೆಸರು ಬರೀಬೇಕು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು." ಅವನ ದನಿ ಇಳಿಯಿತು. "ಬರೆಯೋಕೆ ಕೈ ಬರಲಿಲ್ಲ. ನಿಮ್ಮನ್ನ ಇನ್ನೊಬ್ಬಳು ಅಂತ ನಾನು ಹೇಗೆ ಬರೀಲಿ, ಎಫಿ? ನನಗಿರೋದು ನೀವೊಬ್ರೇ..."

ನಗು ನಿಂತಿತು.

"ದಾರಿ ಬಿಡ್ರೋ, ಪೋಸ್ಟು ಬಂತು!"

ಬಾಗಿಲಲ್ಲಿ ಮೂವರು ಎಫಿಗಳು! ಪಿಟೀಲು ಎಫಿಯನ್ನು ಡಾಕ್ಟರ್ ಎಫಿ ಕೈ ಹಿಡಿದು ಕರೆತಂದಿದ್ದಳು. ಹಾಕಿ ಎಫಿ ಲಕೋಟೆ ಚಾಚಿದಳು. "ತಗೋಳೇ, ನಿನ್ನ ಸರದಿ."

ಎಫಿ ಕಾಗದ ಬಿಡಿಸಿದಳು.

'ಎಫಿ, ಮಾತಿನಿಂದಲೇ ಹೊಟ್ಟೆ ಹೊರೆಯುವವನಿಗೆ ನಿಮ್ಮೆದುರು ನಾಲಿಗೆ ಏಳುವುದಿಲ್ಲ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಊರನ್ನೆಲ್ಲ ಗೋಡೆಗೇರಿಸುವ ನೀವು ನನಗೆ ಬೇಕು. ನನ್ನನ್ನು ಮದುವೆಯಾಗುತ್ತೀರಾ? ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಸೋಮವಾರದ ರೈಲಿಗೆ ನಮ್ಮೂರಿಗೆ ಹೊರಟೆ. — ಟಾರಸ್'

ಕೆಳಗೆ ಬೇರೆ ಬೇರೆ ಅಕ್ಷರಗಳು.

'ಇದು ನನಗಲ್ಲ ಅಂತ ಮೊದಲ ಸಾಲಿಗೇ ಗೊತ್ತಾಯ್ತು. ಆದ್ರೂ ನಾಲ್ಕು ದಿನ ದಿಂಬಿನ ಕೆಳಗಿಟ್ಕೊಂಡೆ. ನಲವತ್ತು ವರ್ಷದಿಂದ ನನಗ್ಯಾರೂ ಹೀಗೆ ಬರೆದಿರಲಿಲ್ಲ. ಕ್ಷಮಿಸು ಮಗಳೇ. — ಪಿಟೀಲು ಎಫಿ'

'ಹುಡುಗನಿಗೆ ಪೂರ್ತಿ ಹುಚ್ಚು ಹಿಡಿದಿದೆ. ಇದಕ್ಕೆ ಔಷಧಿ ನನ್ನ ಹತ್ರ ಇಲ್ಲ, ನಿನ್ನ ಹತ್ರ ಇದೆ. — ಡಾಕ್ಟರ್ ಎಫಿ'

'ಬೇಡ ಅಂದ್ಯೋ, ಹಾಕಿ ಕೋಲು ತಗೊಂಡು ಬರ್ತೀನಿ! — ಹಾಕಿ ಎಫಿ'

ಎಫಿ ಅಳುತ್ತಲೇ ನಕ್ಕಳು. ಪಿಟೀಲು ಎಫಿ ಅವಳ ಕೆನ್ನೆ ಒರೆಸಿದಳು. "ತಪ್ಪು ನಂದು ಕಂದಾ. ಇವತ್ತು ನಿಮ್ಮಿಬ್ಬರಿಗೆ ಬೆಳಗಿನ ತನಕ ಬಾರಿಸಬೇಕಾದ್ರೂ ಬಾರಿಸ್ತೀನಿ. ಮೊದಲು ಆ ಹುಡುಗನಿಗೆ ಉತ್ತರ ಕೊಡು, ಉಸಿರೇ ಬಿಡ್ತಿಲ್ಲ ನೋಡು!"

ಎಫಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಮೂವರ ಕೆಳಗೆ ಉಳಿದಿದ್ದ ಜಾಗದಲ್ಲಿ ಒಂದೇ ಸಾಲು ಬರೆದು ಅವನ ಕೈಗಿಟ್ಟಳು.

'ಹೂಂ. ಆಗ್ತೀನಿ. — ಎಫಿ'

ಅಡ್ಡಹೆಸರು ಬರೆಯಲಿಲ್ಲ!

ಟಾರಸ್ ಅದನ್ನು ಎರಡು ಸಲ ಓದಿದ. ಕಣ್ಣು ತುಂಬಿಕೊಂಡು ಗೋಡೆಯತ್ತ ನೋಡಿದ. "ಬಿಷಪ್ಪರ ಪಕ್ಕ ಜಾಗ ಇದೆ. ಇದಕ್ಕೊಂದು ಕಟ್ಟು ಹಾಕಿಸಿ ಅಲ್ಲಿ ತೂಗುಹಾಕೋಣ್ವಾ?"

ಎಫಿ ಕಾಗದವನ್ನು ಅವನ ಕೈಯಿಂದ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಎದೆಗೊತ್ತಿಕೊಂಡಳು.

"ಊಹೂಂ. ಗೋಡೆ ಊರಿಂದು. ಇದು ನಂದು."