ಹದಿನೇಳಕ್ಕೆ ಕರೆಗಂಟೆ
ಕೊರೊನಾ ವರ್ಷ ನನ್ನ ಹೋಟೆಲು ಖಾಲಿ ಬಿದ್ದಿತ್ತು. ಕೋಣೆಗಳ ಕರೆಗಂಟೆಗಳನ್ನೆಲ್ಲ ಬಿಚ್ಚಿ, ಯಾವ ಕೋಣೆಯ ಕರೆ ಎಂದು ತೋರಿಸುವ ದೀಪದ ಹಲಗೆಯ ಸಮೇತ ಊರಿನ ಆಸ್ಪತ್ರೆಗೆ ಕೊಟ್ಟೆ. ನಮ್ಮ ಇಟಲಿಯಲ್ಲಿ ಹದಿನೇಳು ಅಪಶಕುನ. ನನ್ನ ಹೋಟೆಲಿನಲ್ಲೂ ಹದಿನಾರರ ಪಕ್ಕದ ಕೋಣೆ ಹದಿನೆಂಟು; ಹಲಗೆಯ ಮೇಲೂ ಹಾಗೆಯೇ.

ಕೊರೊನಾ ಇಳಿದ ಮೇಲೆ ಹಲಗೆ ವಾಪಸು ಬಂತು, ಜೊತೆಗೊಂದು ಪ್ರಶಂಸಾಪತ್ರ; ಮೊದಲಿನ ಗೋಡೆಗೇ ಹಾಕಿಸಿದೆ. ಅಂದಿನಿಂದ ದಿನಾ ಮಧ್ಯಾಹ್ನ ಒಂದೂ ಹತ್ತಕ್ಕೆ ಗಂಟೆ ಬಡಿಯುತ್ತದೆ. ದೀಪ ಯಾವುದೂ ಹತ್ತುವುದಿಲ್ಲ. ಹಲಗೆಯಲ್ಲಿ ಹದಿನಾರು, ಹದಿನೆಂಟರ ದೀಪಗಳ ನಡುವಿನ ಖಾಲಿ ಜಾಗ ಮಾತ್ರ ಕೈಗೆ ಬೆಚ್ಚಗೆ ತಾಗುತ್ತದೆ. ತಂತಿ ಕಿತ್ತೆ. ಆದರೂ ಬಡಿಯಿತು.

ಆಸ್ಪತ್ರೆಯ ನರ್ಸ್ ಓರ್ನೆಲ್ಲಾಳನ್ನು ಕೇಳಿದೆ, "ಅಲ್ಲಿ ಹದಿನೇಳನೇ ನಂಬರಿನ ಮಂಚ ಅಂತ ಇತ್ತೇನಮ್ಮ?"

"ಇತ್ತು ಫೌಸ್ತಿನೊ ಸಾಹೇಬ್ರೆ. ಜಾಗ ಸಾಲ್ದೆ ಹದಿನಾರು, ಹದಿನೆಂಟರ ಮಧ್ಯೆ ಒಂದು ಮಂಚ ತುರುಕಿದ್ವಿ. ಅಜ್ಜ ಒಬ್ರು. ಅವ್ರಿಗೆ ಗಂಟೆ ಎಲ್ಲಿಂದ ತರೋಣ, ನೀವು ಹದಿನೇಳರದ್ದು ಕೊಟ್ಟಿರ್ಲಿಲ್ವಲ್ಲ. ಎಷ್ಟೊತ್ತಿಗೆ ಹೋದ್ರು ಅಂತ್ಲೂ ಯಾರಿಗೂ ಗೊತ್ತಾಗ್ಲಿಲ್ಲ."

ನನಗೆ ಗೊತ್ತಿತ್ತು. ಮಧ್ಯಾಹ್ನ ಒಂದೂ ಹತ್ತಕ್ಕೆ.