ಮೂರು ತಲೆಯ ಮಾಂತ್ರಿಕ ಉಂಡ ಖಾರದ ಶಾವಿಗೆ

ಬಹಳ ಬಹಳ ಹಿಂದೆ, ಕಡಲಾಚೆಯ ಜಾವಾ ಸೀಮೆಯಲ್ಲಿ, ಬೆಂಕಿಯುಗುಳುವ ಬೆಟ್ಟದ ಬುಡದಲ್ಲಿ ಒಂದು ರಾಜ್ಯವಿತ್ತಂತೆ. ಆ ರಾಜ್ಯದಲ್ಲಿ ಯಾರಿಗೂ ನಿದ್ದೆಯೇ ಇಲ್ಲ. ಬುತೋಮಾರನೆಂಬ ಮೂರು ತಲೆಯ ಮಾಂತ್ರಿಕ ಎಲ್ಲರ ನಿದ್ದೆಯನ್ನೂ ಬಾಚಿ, ಒಂದು ಸೋರೆಬುರುಡೆಗೆ ತುಂಬಿ, ಸೊಂಟಕ್ಕೆ ಕಟ್ಟಿಕೊಂಡಿದ್ದ. ರಾಜ ಆಕಳಿಸುತ್ತ ನ್ಯಾಯ ಹೇಳುತ್ತಿದ್ದ, ಎಮ್ಮೆಗಳು ಆಕಳಿಸುತ್ತ ಗದ್ದೆ ಉಳುತ್ತಿದ್ದವು. ಕೋಳಿಯಂತೂ ಕೂಗುವುದನ್ನೇ ಬಿಟ್ಟಿತ್ತು. ಮಲಗಿದವರಿದ್ದರೆ ತಾನೇ ಎಬ್ಬಿಸೋದು?

ಆ ಊರಲ್ಲಿ ರತ್ಮಿ ಅಂತ ಒಬ್ಬ ಹುಡುಗಿ. ಅವಳ ತಾಯಿ ನಿದ್ದೆಯಿಲ್ಲದೆ ಬತ್ತಿ ಬತ್ತಿ ಚಾಪೆಗೆ ಅಂಟಿಕೊಂಡಿದ್ದಳು. "ನಾಳೆ ಬೆಳಗಾಗೋದರೊಳಗೆ ಕಣ್ಣು ಮುಚ್ಚಿ ಮಲಗದಿದ್ದರೆ ಈ ಜೀವ ಉಳಿಯೋದಿಲ್ಲ ಮಗಳೇ" ಅಂದುಬಿಟ್ಟ ವೈದ್ಯ.

ರತ್ಮಿ ಕಾಲೆಳೆದುಕೊಂಡು ಮಾಂತ್ರಿಕನ ಬಳಿಗೆ ಹೋದಳು.

"ನಮ್ಮ ಮನೆಗೆ ಊಟಕ್ಕೆ ಬಾ. ನಿನಗೆ ತೃಪ್ತಿಯಾದರೆ ನಿದ್ದೆ ಬಿಟ್ಟುಕೊಡು."

"ಆಗದಿದ್ದರೆ?"

"ನನ್ನನ್ನು ಏನು ಬೇಕಾದರೂ ಮಾಡು."

"ನಾನು ಏರಿ ಕೂತಿರುವ ಈ ಮೊಸಳೆಯೂ ಹಿಂದೆ ಅರಮನೆಯ ಅಡುಗೆಯವನೇ, ಹೀಗೇ ಬಡಿಸಿ ಸೋತವನು! ಮೂರು ಸಲ ಬಡಿಸು, ನೋಡೋಣ" ಎಂದು ನಕ್ಕ ಬುತೋಮಾರ.

ಸಂಜೆಗೆ ಬಂದು ಜಗಲಿಯಲ್ಲಿ ಕೂತ. ರತ್ಮಿ ಒಣಸಿಗಡಿ, ಈರುಳ್ಳಿ, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಅರೆದಳು. ಆ ಸೀಮೆಯಲ್ಲಿ ಖಾರದ ಶಾವಿಗೆಯನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿಯೇ ಹುರಿಯುವುದು ಪದ್ಧತಿ. ಬೀಗರ ದಂಡೇ ಬಂದು ಕೂತರೂ ಅಷ್ಟೇ, ಒಬ್ಬರ ತಟ್ಟೆ ಇಳಿದ ಮೇಲೆ ಇನ್ನೊಬ್ಬರದು. ಆದರೆ ರತ್ಮಿಗೆ ರಟ್ಟೆ ಬಿದ್ದುಹೋಗಿತ್ತು. 'ತಲೆ ಮೂರಾದರೂ ಹೊಟ್ಟೆ ಒಂದೇ ತಾನೆ' ಅಂದುಕೊಂಡು ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದಳು.

"ಥೂ, ಸಪ್ಪೆ!" ಅಂತು ನಡುವಿನ ತಲೆ. "ಅಯ್ಯೋ, ಉರಿ!" ಅಂತು ಎಡದ ತಲೆ. "ಶಾವಿಗೆಯೋ, ಅಂಟೋ?" ಅಂತು ಬಲದ ತಲೆ. ತಟ್ಟೆ ಅಂಗಳಕ್ಕೆ ಹಾರಿತು. ರತ್ಮಿಯ ಪಾದದ ಮೇಲೆ ಮೊಸಳೆಯ ಚರ್ಮ ಬೆಳೆಯಿತು.

ಎರಡನೇ ಸಲ ಖಾರ ಹೆಚ್ಚಿಸಿದಳು. ಎಡದ ತಲೆ ಬೊಬ್ಬೆ ಹೊಡೆಯಿತು. ಮೊಸಳೆಯ ಚರ್ಮ ಸೊಂಟದವರೆಗೆ ಬಂತು.

ರತ್ಮಿ ಒಲೆಯ ಮುಂದೆ ಕುಸಿದು ಕೂತಳು. ಒಳಗಿಂದ ತಾಯಿಯ ಸಣ್ಣ ದನಿ: "ಯಾರಿಗೆ ಎಷ್ಟು ಖಾರ ಅಂತ ಕೇಳಿದೆಯೇನೇ?"

"ಹೊಟ್ಟೆ ಒಂದೇ ಅಲ್ವೇನವ್ವಾ?"

"ಉಣ್ಣೋದು ನಾಲಿಗೆ ಕಣೇ, ಪೆದ್ದಿ. ಎದ್ದು ಕೇಳು ಹೋಗು."

ಎದ್ದಳು. ಕಣ್ಣೊರೆಸಿಕೊಂಡು ಕೇಳಿದಳು: "ದೊಡ್ಡಣ್ಣಾ, ನಿನಗೆ?"

"ಕಣ್ಣಲ್ಲಿ ನೀರು ಬರಬೇಕು!" ಅಂತು ನಡುವಿನ ತಲೆ.

"ನನಗೆ ಹದವಾಗಿರಲಿ, ಮೊಟ್ಟೆ ಜಾಸ್ತಿ" ಅಂತು ಬಲದ ತಲೆ.

ಎಡದ ತಲೆ ಉಳಿದೆರಡರ ಕಡೆ ಓರೆಗಣ್ಣಲ್ಲಿ ನೋಡಿತು. ಆಮೇಲೆ ಮೆಲ್ಲಗೆ, "ನನಗೆ ಖಾರವೇ ಬೇಡ ಕಣಮ್ಮಾ. ಇದುವರೆಗೆ ಯಾರೂ ಕೇಳಿರಲಿಲ್ಲ" ಅಂತು.

ರತ್ಮಿ ಒಂದೊಂದೇ ತಟ್ಟೆ ಹುರಿದಳು. ಕೆಂಡ ಊದಿದಳು, ಮಸಾಲೆ ಬಾಡಿಸಿದಳು, ಮೊಟ್ಟೆ ಒಡೆದು ಹಾಕಿದಳು, ಎಲೆಕೋಸು ಹಾಕಿದಳು, ಸಿಹಿ ಸೋಯಾ ರಸ ಹಾಕಿ ಶಾವಿಗೆ ಹೊರಳಿಸಿದಳು. ಮತ್ತೆ ಊದಿದಳು, ಮತ್ತೆ ಬಾಡಿಸಿದಳು. ತೋಳು ಮರಗಟ್ಟಿತು, ಬಿಡಲಿಲ್ಲ.

ನಡುವಿನ ತಲೆ ಸೊರಸೊರ ಮೂಗೊರೆಸುತ್ತ ಉಂಡು, ವಾಲಿ, ಗೊರಕೆ ಹೊಡೆಯಿತು. ಬಲದ್ದೂ ಹಾಗೇ. ಎಷ್ಟೋ ವರ್ಷದಿಂದ ಎಡದ ತಲೆ ಖಾರ ಉಣ್ಣಲಾರದೆ ಹಸಿದು ನರಳುತ್ತಿತ್ತು, ಅದರ ನರಳಾಟಕ್ಕೆ ಉಳಿದೆರಡಕ್ಕೂ ನಿದ್ದೆ ಹತ್ತುತ್ತಿರಲಿಲ್ಲ. ಆ ಹೊಟ್ಟೆಕಿಚ್ಚಿಗೇ ಅವನು ಊರಿನ ನಿದ್ದೆ ಕದ್ದಿದ್ದು. ಈಗ ಎಡದ ತಲೆ ಕೊನೆಯ ಎಳೆಯನ್ನೂ ಹೀರಿ, ತಟ್ಟೆ ನೆಕ್ಕಿ, ಕಣ್ಣು ಮುಚ್ಚಿತು.

ಬುರುಡೆ ಟಪ್ಪಂತ ಒಡೆಯಿತು. ನಿದ್ದೆಯೆಲ್ಲ ಹೊಗೆಯಂತೆ ಹೊರಟು ಮನೆಮನೆ ಹೊಕ್ಕಿತು. ರತ್ಮಿಯ ಮೊಸಳೆ ಚರ್ಮ ಕಳಚಿ ಬಿತ್ತು. ಮೊಸಳೆಯಾಗಿದ್ದ ಅಡುಗೆಯವನು ಮನುಷ್ಯನಾಗಿ ಎದ್ದು, "ಅಬ್ಬಾ, ನನ್ನ ಬೆನ್ನೇ!" ಅಂದು ಅಲ್ಲೇ ಮಲಗಿದ. ರಾಜ ಸಿಂಹಾಸನದಲ್ಲೇ ಒರಗಿದ.

"ಅವ್ವಾ?" ಎಂದು ಕರೆದಳು ರತ್ಮಿ. ಮತ್ತೆ ಮತ್ತೆ ಕರೆಯುತ್ತ ಒಳಗೆ ಓಡಿದಳು. ತಾಯಿ ಬಾಯಿ ತೆರೆದುಕೊಂಡು ಜೋರಾಗಿ ಗೊರಕೆ ಹೊಡೆಯುತ್ತಿದ್ದಳು. ರತ್ಮಿ ಬಾಣಲೆ ತೊಳೆಯುವ ಗೋಜಿಗೂ ಹೋಗದೆ ಅವಳ ಮಗ್ಗುಲಲ್ಲೇ ಉರುಳಿಕೊಂಡಳು.

ಬುತೋಮಾರ ಎಷ್ಟೋ ದಿನ ಬಿಟ್ಟು ಎದ್ದನಂತೆ. ಮಂತ್ರವೊಂದೂ ನೆನಪಿಗೆ ಬರಲಿಲ್ಲವಂತೆ. ಅಂದಿನಿಂದ ಆ ರಾಜ್ಯದವರು ದುಡಿದು ದಣಿದು, ಹೊಟ್ಟೆ ತುಂಬಾ ಉಂಡು, ಕಣ್ಣು ತುಂಬಾ ನಿದ್ದೆ ಮಾಡಿ ಸುಖವಾಗಿದ್ದರು.