ಮಹೇಂದ್ರ ಮೇಷ್ಟ್ರ ತೊಂಬತ್ತು ಕಾಯಿ

ತನುಜಾಗೆ ಹೊದಿಸುವ ಶಾಲಿನ ತಟ್ಟೆ ಹಿಡಿದು ವೇದಿಕೆಯ ಮೇಲೆ ನಿಂತಾಗಲೇ ಮಹೇಂದ್ರನ ತಾಳ್ಮೆ ಮುಗಿದಿತ್ತು. ಕಡೂರಿನ ಕಾಲೇಜಿನಲ್ಲಿ ತಾನೇ ಸಂಖ್ಯಾಶಾಸ್ತ್ರ ಕಲಿಸಿದ ಹುಡುಗಿ ಪಿಎಚ್‌ಡಿ ಮುಗಿಸಿ, ಈಗ ಸಹೋದ್ಯೋಗಿಯಾಗಿ ಪಕ್ಕದ ಕುರ್ಚಿಗೇ ಬಂದಿದ್ದಳು. ಅವನ ಪಿಎಚ್‌ಡಿ ಇನ್ನೂ ಎಳೆಯುತ್ತಿತ್ತು, ಒಂಬತ್ತನೇ ವರ್ಷ.

ತೆಂಗಿನಕಾಯಿಗಳ ತೂಕ, ಉದ್ದ, ಚಿಪ್ಪಿನ ದಪ್ಪ ಅಳೆದು, ಒಂದನ್ನೊಂದು ಹೋಲುವವನ್ನು ಕವಲು ಕವಲಾಗಿ ಗುಂಪು ಕಟ್ಟುವ ಮೂರು ವಿಧಾನಗಳ ಹೋಲಿಕೆ ಅವನ ವಿಷಯ. ತರಗತಿಯಲ್ಲಿ ಇದನ್ನು ಸಂಬಂಧ ಬೆಳೆಸುವುದಕ್ಕೆ ಹೋಲಿಸುತ್ತಿದ್ದ. ಮೊದಲನೆಯದಕ್ಕೆ ಎರಡು ಮನೆಗಳ ಅತಿ ಹತ್ತಿರದ ಇಬ್ಬರು ಹೊಂದಿದರೆ ಸಾಕು, ಬೀಗರು. ಎರಡನೆಯದಕ್ಕೆ ಅತಿ ದೂರದ ಇಬ್ಬರೂ ಹೊಂದಬೇಕು. ಮೂರನೆಯದು ಎಲ್ಲರ ಸರಾಸರಿ ನೋಡುತ್ತದೆ. ಪಾಠ ಚೆನ್ನಾಗಿಯೇ ಮಾಡುತ್ತಿದ್ದ. ಕಾಯಿ ಸುಲಿಯಲು ಮಾತ್ರ ಬರುತ್ತಿರಲಿಲ್ಲ. ಮೂರು ಸುಲಿಯುವಷ್ಟರಲ್ಲಿ ಹೆಬ್ಬೆರಳಿಗೆ ಹೊಲಿಗೆ ಬಿದ್ದಿತ್ತು.

"ನನ್ನ ಅಳತೆ ಎಲ್ಲಾ ಇದ್ರಲ್ಲಿದೆ ಸರ್, ಮಾದರಿಗೆ ಇಟ್ಕೊಳ್ಳಿ," ಎಂದು ತನುಜಾ ಪೆನ್‌ಡ್ರೈವ್ ಕೊಟ್ಟಳು. ಕಡೂರು ಸೀಮೆಯ ತೊಂಬತ್ತು ಕಾಯಿ, ಸುಲಿದು ತೂಗಿದ್ದು.

ತಾನು ದಡ್ಡ ಕಳ್ಳನಲ್ಲ ಎಂಬುದು ಮಹೇಂದ್ರನ ಖಚಿತ ಅಭಿಪ್ರಾಯ. ಊರುಗಳನ್ನು ತರೀಕೆರೆ, ಅಜ್ಜಂಪುರ ಎಂದು ಬದಲಿಸಿದ. ಸಾಲುಗಳನ್ನು ಕಲಸಿದ. ಪ್ರತಿ ತೂಕಕ್ಕೂ ಒಂದೆರಡು ಗ್ರಾಂ ಕೂಡಿಸಿದ, ಇಲ್ಲವೇ ಕಳೆದ. ನಂಬಿಕೆ ಬರಲೆಂದು ಒಂದು ಕಾಯಿಯ ಮುಂದೆ 'ಇಲಿ ಕಚ್ಚಿದ್ದು' ಎಂದೂ ಬರೆದ. ಆ ಇಲಿಯ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ.

ವೈವಾ ದಿನ ಗೈಡ್ ಮಲ್ಲಿಕಾರ್ಜುನಯ್ಯ ತಲೆದೂಗುತ್ತಿದ್ದರು. ಅಷ್ಟರಲ್ಲಿ ಸಭಿಕರ ನಡುವಿನಿಂದ ತನುಜಾ ಎದ್ದಳು.

"ಸರ್, ನನ್ ಕಾಯಿನೂ ನಿಮ್ಮವನ್ನೂ ಒಟ್ಟಿಗೆ ಹಾಕ್ಲಾ? ಎರಡು ಸೀಮೆ ಬೇರೆ ಬೇರೆ ಗುಂಪಾಗ್ತಾವಾ ನೋಡೋಣ."

"ಧಾರಾಳವಾಗಿ ಹಾಕಮ್ಮ," ಎಂದ ಮಹೇಂದ್ರ. ಮೂರು ವಿಧಾನಗಳೂ ಎಂದೂ ಒಂದೇ ಮಾತು ಆಡುವುದಿಲ್ಲ ಎಂಬುದೇ ಅವನ ಪ್ರಬಂಧದ ಸಾರ. ಆ ಗೊಂದಲದಲ್ಲಿ ಯಾರಿಗೆ ಏನು ಕಂಡೀತು?

ಪರದೆಯ ಮೇಲೆ ವಿಧಾನಕ್ಕೊಂದರಂತೆ ಗುಂಪುಗಳ ಮೂರು ಕವಲುಮರಗಳು ಮೂಡಿದವು. ಮೇಲಿನ ಕೊಂಬೆಗಳು ಒಂದೊಂದರಲ್ಲಿ ಒಂದೊಂದು ಥರ. ಕೆಳತುದಿಯಲ್ಲಿ ಮಾತ್ರ ಮೂರರಲ್ಲೂ ಅವೇ ತೊಂಬತ್ತು ಜೋಡಿ: ಅವಳದೊಂದು ಕಾಯಿ, ಅದಕ್ಕೆ ಒಂದೆರಡು ಗ್ರಾಂ ಅಂತರದಲ್ಲಿ ಅಂಟಿಕೊಂಡ ಅವನದೊಂದು. "ಏನಪ್ಪಾ ಇದು, ಎಲ್ಲಾ ಅವಳಿ ಮಕ್ಳಾ?" ಎಂದರು ಮಲ್ಲಿಕಾರ್ಜುನಯ್ಯ. ಒಂಬತ್ತು ವರ್ಷ ವಿಧಾನಗಳು ಎಲ್ಲಿ ಜಗಳವಾಡುತ್ತವೆ ಎಂದು ಹುಡುಕಿದ ಮಹೇಂದ್ರ, ಅವು ಎಲ್ಲಿ ಒಪ್ಪುತ್ತವೆ ಎಂದು ನೋಡಿರಲೇ ಇಲ್ಲ. ಗುಂಪು ಕಟ್ಟುವ ಮೊದಲು ಪ್ರತಿ ಕಾಯಿಯೂ ಒಂಟಿ. ಎರಡು ಒಂಟಿ ಕಾಯಿಗಳ ನಡುವೆ ಹತ್ತಿರ, ದೂರ, ಸರಾಸರಿ ಮೂರೂ ಒಂದೇ.